ಗೋರ್ಟಾದಿಂದ ತಾಂಡಾಕ್ಕೆ

ದೀಪಾವಳಿಗೆ ಊರಿಗೆ ಹೋಗುವವರ ಕಥೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಮೂವತ್ತು ವರ್ಷ ನೌಕರಿ ಮಾಡಿದ ನಾನು ಹೆಚ್ಚು ಕಡಿಮೆ ಅಷ್ಟೇ ಸಲ ಈ ಪ್ರಯಾಣವನ್ನು ಮಾಡಿದ್ದೇನೆ. ಅದನ್ನು ಬರೆದಿಡಬೇಕೆಂದು ಒಮ್ಮೆಯೂ ತೋರಿರಲಿಲ್ಲ. ಈ ಸಲ ಮಾತ್ರ, ರೈಲು ಕಲಬುರಗಿಯನ್ನು ಬಿಟ್ಟು ಹುಮನಾಬಾದಿನ ಕಡೆಗೆ ಹೊರಳುತ್ತಿದ್ದಂತೆ, ಓದದೆ ಪರೀಕ್ಷೆಗೆ ಹೊರಟ ಹುಡುಗನ ಅಳುಕು ನನ್ನ ಎದೆಯಲ್ಲಿ ಸೇರಿಕೊಂಡಿತ್ತು.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಲಂಬಾಣಿಗಳು. ನಮ್ಮ ಮಾತಿನಲ್ಲಿ ನಮ್ಮನ್ನು ನಾವು ‘ಗೋರ್’ ಎಂದು ಕರೆದುಕೊಳ್ಳುತ್ತೇವೆ, ನಮ್ಮವರಲ್ಲದವರೆಲ್ಲ ‘ಕೋರ್’. ಬೆಳಕಿನ ಹಬ್ಬದ ಅಮಾವಾಸ್ಯೆಯ ಮರುದಿನ ನಮ್ಮ ಮನೆಯಲ್ಲಿ ‘ಧಬುಕಾರ’ ಎಂಬ ಆಚಾರ ನಡೆಯುತ್ತದೆ. ಮನೆಯ ಹಿರಿಯ ಗಂಡಸು ಒಲೆಯ ಮುಂದೆ ಕುಳಿತು, ಕೆಂಡದ ಮೇಲೆ ತುಪ್ಪ ಬೆರೆಸಿದ ಸಿಹಿ ಅನ್ನದ ತುತ್ತುಗಳನ್ನು ಇಡುತ್ತಾ, ಗತಿಸಿದ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯಬೇಕು. ತುಪ್ಪ ಹತ್ತಿ ಉರಿ ಎದ್ದರೆ ಕರೆದವರು ಬಂದು ಉಂಡರೆಂದು ಲೆಕ್ಕ. ಬಾಪು ತೀರಿಕೊಂಡ ಮೇಲೆ ಈ ಕೆಲಸವನ್ನು ಕಾಕಾ ನಡೆಸುತ್ತಿದ್ದರು. ನಾನು ಹಿಂದೆ ನಿಂತು ಕೈಮುಗಿಯುತ್ತಿದ್ದೆ. ಮನಸ್ಸು ಮಾತ್ರ ಊಟದ ಮೇಲೋ, ಮರಳಿ ಹೋಗುವ ರೈಲಿನ ಮೇಲೋ ಇರುತ್ತಿತ್ತು. ಕಳೆದ ಚೈತ್ರದಲ್ಲಿ ಕಾಕಾ ಹೋದರು. ಈ ವರ್ಷ ಒಲೆಯ ಮುಂದೆ ಕೂಡಬೇಕಾದವನು ನಾನು. ನನಗೆ ಗೊತ್ತಿದ್ದ ಹೆಸರುಗಳೋ ಮೂರು: ಕಾಕಾ, ಬಾಪು, ಅಜ್ಜ. ಅದರಾಚೆ ಕತ್ತಲೆ.

ಜೊತೆಯಲ್ಲಿ ಮಗಳಿದ್ದಳು. ಕಾಲೇಜಿನಲ್ಲಿ ಇತಿಹಾಸ ಓದುತ್ತಾಳೆ. ಹುಮನಾಬಾದಿನಲ್ಲಿ ಇಳಿದವಳು, “ಅಪ್ಪಾ, ತಾಂಡಾಕ್ಕೆ ಹೋಗುವ ಮುಂಚೆ ಗೋರ್ಟಾ ನೋಡಬೇಕು” ಎಂದು ಹಟ ಹಿಡಿದಳು. ಹುಮನಾಬಾದಿಗೆ ರೈಲು ಬಂದದ್ದೇ 2017ರಲ್ಲಿ. ಅದಕ್ಕೆ ಮುಂಚೆ ಹೈದರಾಬಾದು–ಸೊಲ್ಲಾಪುರದ ಹೆದ್ದಾರಿಯೇ ನಮ್ಮ ಗತಿ. ಊರಿಗೆ ಬೇಗ ಮುಟ್ಟುವ ಅನುಕೂಲ ಸಿಕ್ಕ ಮೇಲೆ ಸುತ್ತುದಾರಿ ಹಿಡಿಯುವುದೇಕೆ ಎನ್ನಿಸಿತಾದರೂ, ಒಲೆಯ ಮುಂದೆ ಕೂಡುವ ಗಳಿಗೆ ಅಷ್ಟು ಹೊತ್ತು ಮುಂದಕ್ಕೆ ಹೋಗುವುದೆಂಬ ಹೇಡಿ ಸಂತೋಷದಿಂದ ಒಪ್ಪಿಕೊಂಡೆ. ಒಂದು ಆಟೋ ಗೊತ್ತುಮಾಡಿ ಹೊರಟೆವು.

ಬಸವಕಲ್ಯಾಣ, ಹುಮನಾಬಾದುಗಳ ಈ ಸೀಮೆಯನ್ನು ನೋಡದವರಿಗಾಗಿ ಎರಡು ಮಾತು. ಇಲ್ಲಿ ನೆಲ ಒಂದೇ ಬಣ್ಣದ್ದಲ್ಲ. ಒಂದು ಮಗ್ಗುಲಲ್ಲಿ ಎರೆಮಣ್ಣು, ಇನ್ನೊಂದು ಮಗ್ಗುಲಲ್ಲಿ ಇಟ್ಟಿಗೆಯಂತೆ ಕೆಂಪಾದ ಜಂಬಿಟ್ಟಿಗೆ ಕಲ್ಲಿನ ದಿಬ್ಬ. ತಗ್ಗಿನಲ್ಲಿ ಕಬ್ಬು, ಬಯಲಿನಲ್ಲಿ ತೊಗರಿ. ಸೋಯಾ ಕೊಯ್ಲು ಮುಗಿದ ಹೊಲಗಳಲ್ಲಿ ಬರಿಯ ಕೂಳೆ. ಕರಿಯ ನೆಲದಲ್ಲಿ ಊರುಗಳು. ಕೆಂಪು ದಿಬ್ಬದ ಮೇಲೆ, ಊರಿನಿಂದ ಒಂದಿಷ್ಟು ದೂರದಲ್ಲಿ, ತಾಂಡಾಗಳು. ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಸಾಧಿಸುವುದಿಲ್ಲ. ಆದರೆ ಹುಡುಗನಾಗಿದ್ದಾಗ ಊರ ಶಾಲೆಗೆ ನಡೆದು ಹೋಗುವಾಗ ಅಂಗಾಲಿಗೆ ಹತ್ತುವ ಮಣ್ಣಿನ ಬಣ್ಣ ಬದಲಾದಲ್ಲಿಯೇ ನಾನು ಆಡುವ ಭಾಷೆಯೂ ಬದಲಾಗುತ್ತಿತ್ತು.

ಊರಿನ ಹೆಸರಿನ ಮುಂದೆ ಆವರಣದೊಳಗೆ ‘ಬಿ’ ಎಂದು ಬರೆದಿರುವುದನ್ನು ಮಗಳು ಗಮನಿಸಿ ಕೇಳಿದಳು. ಇದು ನಿಜಾಮರ ಕಾಲದ ಕಂದಾಯ ಕಾಗದಪತ್ರಗಳ ಉಳಿಕೆ. ಒಂದೇ ಹೆಸರಿನ ಎರಡು ಊರುಗಳಿದ್ದರೆ ಪಾರಸಿಯಲ್ಲಿ ಒಂದಕ್ಕೆ ‘ಬುಜುರ್ಗ್’, ಇನ್ನೊಂದಕ್ಕೆ ‘ಖುರ್ದ್’ ಎಂದು ಬರೆಯುತ್ತಿದ್ದರು. ಹಿರಿಯದು, ಕಿರಿಯದು ಎಂದು ಅರ್ಥ. ಬೀದರ ಜಿಲ್ಲೆಯ ತುಂಬ ಈ ‘ಬಿ’, ‘ಕೆ’ಗಳ ಸಂತತಿ ಹಬ್ಬಿದೆ. “ಹಾಗಾದರೆ ಹಿರಿಯ ಗೋರ್ಟಾ! ನಾವು ಗೋರ್, ಇದು ಗೋರ್ಟಾ, ಏನಾದರೂ ಸಂಬಂಧವೇನಪ್ಪಾ?” ಎಂದಳು. ಸಂಬಂಧವಿದ್ದೀತೆಂದು ನನಗೆ ತೋರುವುದಿಲ್ಲ. ಎರಡು ಹೆಸರು ಒಂದೇ ಬಗೆಯಾಗಿ ಕೇಳಿಸಿದ ಮಾತ್ರಕ್ಕೆ ನಂಟು ಕಟ್ಟುವ ಪಂಡಿತರು ನಮ್ಮಲ್ಲಿ ಈಗಾಗಲೇ ಸಾಕಷ್ಟು ಇದ್ದಾರೆ.

ಗೋರ್ಟಾದ ಹೆಸರು ಇಂದು ಎಲ್ಲರಿಗೂ ತಿಳಿದಿರುವುದು 1948ರ ಮೇ ತಿಂಗಳಿನಿಂದಾಗಿ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಹೈದರಾಬಾದು ಸಂಸ್ಥಾನ ಇನ್ನೂ ಪ್ರತ್ಯೇಕವಾಗಿದ್ದ ದಿನಗಳು ಅವು. ರಜಾಕಾರರು ಈ ಊರಿನ ಮೇಲೆ ಬಿದ್ದು ನಡೆಸಿದ ಹತ್ಯೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರೆಂದು ಹೇಳುತ್ತಾರೆ. ಆ ವರ್ಷದ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನದೊಳಕ್ಕೆ ಬಂದಿತು. 17ರಂದು ನಿಜಾಮರ ಸೈನ್ಯ ಶರಣಾಯಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯವನ್ನು ಸೇರಿತು. ಮಡಿದವರ ನೆನಪಿಗೆಂದು ಕಟ್ಟಿಸಿದ ಸ್ಮಾರಕ, ಸರ್ದಾರ್ ಪಟೇಲರ ಪ್ರತಿಮೆ, 103 ಅಡಿ ಎತ್ತರದ ಧ್ವಜಸ್ತಂಭ ಇವು ಅನಾವರಣಗೊಂಡದ್ದು 2023ರ ಮಾರ್ಚ್ 26ರಂದು. ನಡುವೆ ಕಳೆದದ್ದು ಎಪ್ಪತ್ತೈದು ವರ್ಷ!

ನಾವು ಹೋದಾಗ ಅಲ್ಲಿ ನಾವಿಬ್ಬರೇ. ಗಾಳಿಗೆ ಧ್ವಜದ ಹಗ್ಗ ಕಂಬಕ್ಕೆ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನೋಡಿಕೊಂಡು ಬಂದು ಊರಿನ ಚಹದಂಗಡಿಯಲ್ಲಿ ಕುಳಿತೆವು. ಅಲ್ಲಿದ್ದ ಮುದುಕರೊಬ್ಬರು, “ಯಾವೂರಾಯ್ತ್ರೀ ನಿಮ್ದು?” ಎಂದು ವಿಚಾರಿಸಿದರು. ತಾಂಡಾದ ಹೆಸರು ಹೇಳಿದೆ. “ಹಾಂ, ನಮ್ಮವರೇ ಬಿಡ್ರಿ. ಹಬ್ಬಕ್ಕ ಬಂದೀರೇನು? ಚಾ ಕುಡೀರಿ” ಎಂದರು. ಮಗಳು ಮೆಲ್ಲನೆ 1948ರ ಮಾತನ್ನು ತೆಗೆದಳು. ಅವರು ಆಗ ಹುಟ್ಟಿರಲಿಲ್ಲ. ಆದರೆ ತಮ್ಮ ಮನೆತನದಲ್ಲಿ ಹೋದವರು ಯಾರು ಯಾರು, ಅವರಿಗೆ ಮಕ್ಕಳೆಷ್ಟು, ಉಳಿದವರು ಯಾವ ದಾರಿ ಹಿಡಿದು ಓಡಿದರು ಎಂಬುದನ್ನು ನಿನ್ನೆ ನಡೆದಂತೆ ಹೇಳಿದರು. ಹೇಳುವಾಗ ಬೆರಳು ಮಡಿಸಿ ಎಣಿಸುತ್ತಿದ್ದರು. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ನನ್ನ ಎಣಿಕೆ ಮೂರಕ್ಕೆ ನಿಲ್ಲುವುದೆಂಬುದು ಅಲ್ಲಿ ಇನ್ನಷ್ಟು ಚುಚ್ಚಿತು.

ಆ ವರ್ಷದ ನೆನಪು ನಮ್ಮ ತಾಂಡಾದಲ್ಲಿಯೂ ಒಂದು ತುಣುಕು ಉಳಿದಿದೆ. ಆ ಬೇಸಗೆಯಲ್ಲಿ ಎಷ್ಟೋ ರಾತ್ರಿ ಒಲೆ ಹೊತ್ತಿಸಲಿಲ್ಲ, ಹೊಗೆ ಕಂಡು ಯಾರಾದರೂ ಬಂದಾರೆಂದು ಹಗಲೇ ಸುಟ್ಟ ರೊಟ್ಟಿಯನ್ನು ಕತ್ತಲಲ್ಲಿ ನೀರಿನಲ್ಲಿ ನೆನೆಸಿ ತಿಂದೆವು ಎಂದು ನನ್ನ ಯಾಡಿ ಹೇಳುವುದುಂಟು. ಯಾಡಿ ಎಂದರೆ ತಾಯಿ. ಆಗ ಅವಳು ಏಳೆಂಟು ವರ್ಷದ ಹುಡುಗಿ. ಒಲೆಯೇ ದೇವರೆಂದು ನಂಬಿದವರಿಗೆ ಒಲೆ ಹೊತ್ತಿಸದ ರಾತ್ರಿ ಎಂಥದಿದ್ದೀತು ಎಂಬುದನ್ನು ನಾನು ಆವರೆಗೆ ಯೋಚಿಸಿರಲಿಲ್ಲ.

ಮಧ್ಯಾಹ್ನ ಹೊರಳುವ ಹೊತ್ತಿಗೆ ತಾಂಡಾ ಮುಟ್ಟಿದೆವು. ದಿಬ್ಬದ ಮೇಲೆ ಮೊದಲು ಕಾಣುವುದು ಸೇವಾಲಾಲರ ಗುಡಿಯ ಬಿಳಿಯ ಬಾವುಟ, ಅದರ ಪಕ್ಕದಲ್ಲಿ ಮರಿಯಮ್ಮನ ಗುಡಿ. ಸಂತ ಸೇವಾಲಾಲರು ಹುಟ್ಟಿದ್ದು 1739ರ ಫೆಬ್ರವರಿ 15ರಂದು ಎಂದು ನಮ್ಮವರ ನಂಬಿಕೆ. ಕರ್ನಾಟಕದ ಲಂಬಾಣಿಗಳು ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪವೇ ಅವರ ಜನ್ಮಸ್ಥಳವೆಂದು ಪ್ರತಿವರ್ಷ ಅಲ್ಲಿಗೆ ಹೋಗುತ್ತಾರೆ. ಸಮಾಧಿ ಇರುವುದು ಮಹಾರಾಷ್ಟ್ರದ ಪೋಹರಾದೇವಿಯಲ್ಲಿ. ಹುಟ್ಟಿದ್ದು ಒಂದೆಡೆ, ಮಲಗಿದ್ದು ಇನ್ನೊಂದೆಡೆ. ನಡುವಣ ದಾರಿಯಲ್ಲೆಲ್ಲ ಅವರ ದನಗಳ ಗೊರಸಿನ ಗುರುತು. ಸಂಚಾರಿಗಳ ಸಂತ ಮತ್ತೆ ಹೇಗೆ ಇರಬೇಕು?

ಲಂಬಾಣಿ ಎಂಬ ಹೆಸರು ‘ಲವಣ’ದಿಂದ ಬಂದಿತೆಂದು ಕೆಲವರು ಹೇಳುತ್ತಾರೆ. ಎತ್ತುಗಳ ಬೆನ್ನಿನ ಮೇಲೆ ಉಪ್ಪು, ಧಾನ್ಯಗಳ ಹೇರು ಹೊರಿಸಿ ಕರಾವಳಿಯಿಂದ ಒಳನಾಡಿಗೆ, ಒಳನಾಡಿನಿಂದ ಸೈನ್ಯದ ಬಿಡಾರಗಳಿಗೆ ಸಾಗಿಸುವುದೇ ನಮ್ಮ ಹಿರಿಯರ ಕಸುಬಾಗಿತ್ತು. ಮೊಗಲರ ದಂಡುಗಳು ದಕ್ಷಿಣಕ್ಕೆ ಇಳಿದಾಗ ಅವಕ್ಕೆ ಅನ್ನ ಹೊತ್ತು ತಂದವರು ನಮ್ಮವರು. 1630ರಲ್ಲಿ ಭಂಗಿ, ಜಂಗಿ ಎಂಬ ನಾಯಕರಿಗೆ ತಾಮ್ರಪಟ ದೊರೆಯಿತೆಂಬ ಹೇಳಿಕೆ ಈ ಕಡೆಯ ತಾಂಡಾಗಳಲ್ಲೆಲ್ಲ ಉಂಟು. ಆಮೇಲೆ ಇಂಗ್ಲಿಷರ ಉಪ್ಪಿನ ಕಾನೂನು, ಅದರ ಬೆನ್ನಿಗೆ ರೈಲು. ಒಂದು ಗೂಡ್ಸ್ ಗಾಡಿ ಹೊತ್ತು ನಡೆದುದನ್ನು ಹೊರಲು ಸಾವಿರಾರು ಎತ್ತು ಬೇಕು, ಎತ್ತು ಸೋತಿತು. ಕಸುಬು ಕಳೆದುಕೊಂಡು ಅಲೆಯುವವರ ಮೇಲೆ 1871ರ ಕಾನೂನು ಕೆಲವು ಪ್ರಾಂತಗಳಲ್ಲಿ ಹುಟ್ಟುಕಳ್ಳರೆಂಬ ಮುದ್ರೆ ಒತ್ತಿತು. ಆ ಕಾನೂನು ಪೂರ್ತಿ ರದ್ದಾದದ್ದು 1952ರಲ್ಲಿ. ಅಂದು ನನ್ನನ್ನು ಹುಮನಾಬಾದಿಗೆ ತಂದು ಇಳಿಸಿದ್ದೂ ರೈಲೇ ಎಂಬುದನ್ನು ನೆನೆದು ನನಗೇ ನಗು ಬಂತು.

ಯಾಡಿ ಬಾಗಿಲಲ್ಲಿ ಕುಳಿತಿದ್ದಳು. ಈಗಲೂ ಫೇಟಿಯಾ ಉಡುತ್ತಾಳೆ, ಕಾಂಚಳಿ ತೊಡುತ್ತಾಳೆ. ಅಂಚುಗಟ್ಟಿದ ಆ ಲಂಗ, ಕನ್ನಡಿ ಹೊಲಿದ ಆ ರವಿಕೆ ಉಡುವವರು ತಾಂಡಾದಲ್ಲಿ ಈಗ ಬೆರಳೆಣಿಕೆಯಷ್ಟು. ಬಾಪು ಹೋದ ದಿನ ಕೂದಲಿನ ಬೆಳ್ಳಿಯ ಘುಗರಿಗಳನ್ನು ತೆಗೆದಿಟ್ಟವಳು ಮತ್ತೆ ಮುಟ್ಟಿಲ್ಲ. ಅವು ಪೆಟ್ಟಿಗೆಯಲ್ಲಿವೆ. ಬೆಂಗಳೂರಿನ ವಸ್ತುಪ್ರದರ್ಶನವೊಂದರಲ್ಲಿ ಸಂಡೂರಿನ ಲಂಬಾಣಿ ಕಸೂತಿಯ ದಿಂಬಿನ ಚೀಲಗಳನ್ನು ಕಂಡು ನನ್ನ ಹೆಂಡತಿ ಕೊಂಡು ತಂದಿದ್ದಳು. ಅದನ್ನು ಯಾಡಿಗೆ ತೋರಿಸಿದಾಗ ಹೊಲಿಗೆಯನ್ನು ತಿರುವಿ ಹಿಂಬದಿ ನೋಡಿ, “ಚೆನ್ನಾಗಿದೆ. ಆದರೆ ಇದನ್ನು ತಲೆಯ ಕೆಳಗೆ ಇಟ್ಟುಕೊಂಡರೆ ಕನ್ನಡಿ ಚುಚ್ಚುವುದಿಲ್ಲವೇ?” ಎಂದು ಕೇಳಿದ್ದಳು. ಉತ್ತರ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ.

ಮನೆ ತುಂಬಿತ್ತು. ಜಹೀರಾಬಾದಿನ ಕಡೆಯಿಂದ ಅಕ್ಕ ಮತ್ತು ಅವಳ ಮಕ್ಕಳು, ಉಮರ್ಗಾ ಕಡೆಯಿಂದ ಸೋದರತ್ತೆಯ ಮಗ ಬಂದಿದ್ದರು. ಇಲ್ಲೊಂದು ವಿಚಿತ್ರವನ್ನು ಓದುಗರಿಗೆ ಹೇಳಲೇಬೇಕು. ಒಂದೇ ಒಲೆಯ ರೊಟ್ಟಿ ಹಂಚಿಕೊಂಡು ಉಣ್ಣುವ ನಾವು ಸರಕಾರದ ಕಾಗದದಲ್ಲಿ ಮೂರು ಬೇರೆ ಜನ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ಗಡಿ ದಾಟಿದರೆ ತೆಲಂಗಾಣ. ಅಲ್ಲಿ 1976ರ ಕಾನೂನಿನಿಂದೀಚೆಗೆ ಪರಿಶಿಷ್ಟ ಪಂಗಡ. ಇನ್ನೊಂದು ಮಗ್ಗುಲಿನ ಮಹಾರಾಷ್ಟ್ರದಲ್ಲಿ ಎರಡೂ ಅಲ್ಲ, ವಿಮುಕ್ತ ಜಾತಿ. ಇಲ್ಲಿಂದ ಎರಡು ಗಡಿಗಳೂ ಹತ್ತಿರವೇ. ಅಕ್ಕನ ಮಗ ಆದಿವಾಸಿ, ನಾನಲ್ಲ! ಭಾಷೆಯ ಗತಿಯೂ ಹೀಗೆಯೇ. ಗೋರ್ ಮಾತಿಗೆ ತನ್ನದೇ ಲಿಪಿ ಬಳಕೆಯಲ್ಲಿಲ್ಲವಾಗಿ ಅಕ್ಕನ ಮಕ್ಕಳು ಅದನ್ನು ತೆಲುಗಿನಲ್ಲಿ ಬರೆಯುತ್ತಾರೆ, ಅತ್ತೆಯ ಮಗ ನಾಗರಿಯಲ್ಲಿ, ನಾನು ಕನ್ನಡದಲ್ಲಿ. ಒಬ್ಬರ ಪತ್ರ ಇನ್ನೊಬ್ಬರಿಗೆ ಓದಲು ಬಾರದು. ಗಟ್ಟಿಯಾಗಿ ಓದಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ನನ್ನ ಮಗಳನ್ನು ಬಿಟ್ಟು. ಅದು ನನ್ನ ತಪ್ಪು. ಬೆಂಗಳೂರಿನ ಮನೆಯಲ್ಲಿ ನಾನು ಅವಳೊಡನೆ ಕನ್ನಡವನ್ನೇ ಆಡಿದೆ. ಶಾಲೆಯಲ್ಲಿ ಅವಳನ್ನು ಯಾರೂ ಬೇರೆಯಾಗಿ ಕಾಣಬಾರದೆಂಬ ಅಂಜಿಕೆಯಿಂದ.

ಕೆಲವು ಮನೆಗಳಿಗೆ ಬೀಗ ಬಿದ್ದಿತ್ತು. ಕಬ್ಬು ಕಡಿಯಲು ಹೋದವರು, ಪುಣೆ, ಹೈದರಾಬಾದುಗಳಲ್ಲಿ ಕಟ್ಟಡ ಕಟ್ಟುವವರು. ಹಬ್ಬಕ್ಕೆ ಬಂದವರೂ ಹಬ್ಬದ ಮರುವಾರವೇ ಹೊರಡುವವರು. ಎತ್ತಿನ ಬದಲು ಲಾರಿ, ಅಷ್ಟೇ ವ್ಯತ್ಯಾಸ. ಆದರೂ ಅವರು ಮರಳಿ ಬರುವುದಕ್ಕೆ ಈಗ ಒಂದು ಗಟ್ಟಿ ಕಾರಣವಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಬೀದರ ಸೇರಿದಂತೆ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಕೊಡುವ ಕೆಲಸ ಆರಂಭವಾಯಿತು. ತಾಂಡಾಗಳು ಕಂದಾಯ ಗ್ರಾಮಗಳಾದವು. ಅದುವರೆಗೆ ತಲೆಮಾರುಗಳ ಕಾಲ ಒಲೆ ಉರಿದ ಜಾಗವೂ ಕಾಗದದಲ್ಲಿ ನಮ್ಮದಾಗಿರಲಿಲ್ಲ.

ಅಮಾವಾಸ್ಯೆಯ ರಾತ್ರಿ ‘ಮೇರಾ’. ಮದುವೆಯಾಗದ ಹುಡುಗಿಯರು ಕೈಯಲ್ಲಿ ದೀಪ ಹಿಡಿದು, ಹಾಡುತ್ತಾ, ನಾಯಕನ ಮನೆಯಿಂದ ಮೊದಲುಗೊಂಡು ಪ್ರತಿ ಮನೆಗೂ ಹೋಗಿ ಶುಭ ಕೋರುತ್ತಾರೆ. ಹಿರಿಯರು ಕಾಸು ಹಾಕಿ ಹರಸುತ್ತಾರೆ. ನನ್ನ ಚಿಕ್ಕಂದಿನಲ್ಲಿ ಆ ದೀಪಗಳ ಸಾಲು ದಿಬ್ಬದ ಈ ತುದಿಯಿಂದ ಆ ತುದಿಗೆ ಹರಿಯುತ್ತಿತ್ತು. ಈ ಸಲ ಎಣಿಸಿದೆ: ಹನ್ನೊಂದು. ಹನ್ನೊಂದನೆಯದು ನನ್ನ ಮಗಳ ಕೈಯಲ್ಲಿತ್ತು. ಹಾಡು ಬಾರದ್ದರಿಂದ ತುಟಿ ಮಾತ್ರ ಆಡಿಸುತ್ತಿದ್ದಳು. ಬೀಗ ಹಾಕಿದ ಮನೆಗಳ ಮುಂದೆಯೂ ಹುಡುಗಿಯರು ನಿಂತು ಹಾಡಿಯೇ ಮುಂದಕ್ಕೆ ಹೋದರು. ಹಾಗೆ ಮಾಡಬೇಕೆಂದು ಅವರಿಗೆ ಯಾರು ಹೇಳಿಕೊಟ್ಟರೋ, ನನಗೆ ತಿಳಿಯದು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಯಾಡಿಯ ಬಳಿ ಕುಳಿತು ನನ್ನ ಸಂಕಟವನ್ನು ಹೇಳಿಕೊಂಡೆ. ಹಿಂದೆ ಢಾಡಿಗಳು ಬರುತ್ತಿದ್ದರು. ತಂತಿವಾದ್ಯ ನುಡಿಸುತ್ತಾ ಮನೆತನದ ವಂಶಾವಳಿಯನ್ನು ಹಾಡಿ ಹೇಳುವುದೇ ಅವರ ಕುಲವೃತ್ತಿ. ಅವರು ಈ ಕಡೆ ಬಂದು ವರ್ಷಗಳಾದವು. ಅರವತ್ತಕ್ಕೂ ಹೆಚ್ಚು ದೀಪಾವಳಿಗಳಲ್ಲಿ ಆ ಹೆಸರುಗಳನ್ನು ಕೇಳಿದವಳು ಇನ್ನು ಯಾಡಿ ಒಬ್ಬಳೇ.

“ಎಲ್ಲ ಗೊತ್ತಿದೆ” ಎಂದಳು. “ಆದರೆ ನಾನು ಹೇಗೆ ಹೇಳಲಿ?”

ಅದನ್ನು ನಾನು ಮರೆತೇಬಿಟ್ಟಿದ್ದೆ. ಗಂಡನ ಹೆಸರನ್ನೂ ಗಂಡನ ಮನೆಯ ಹಿರಿಯರ ಹೆಸರುಗಳನ್ನೂ ಸೊಸೆ ನಾಲಗೆಯ ಮೇಲೆ ತರಬಾರದು. ಒಡಪು ಹಾಕಿ ಗಂಡನ ಹೆಸರು ಹೇಳುವ ಹೆಂಗಸರನ್ನು ನಮ್ಮ ಓದುಗರೂ ಮದುವೆಮನೆಗಳಲ್ಲಿ ಕಂಡಿರುತ್ತಾರೆ; ಯಾಡಿಯದು ಅದಕ್ಕಿಂತ ಬಿಗಿಯಾದ ಕಟ್ಟು. ಎಂಬತ್ತು ದಾಟಿದ ಮೇಲೆ ಅದನ್ನು ಮುರಿಯೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಎಚ್ಚರವಾಗಿದ್ದ ಮಗಳು ಎದ್ದು ಬಂದು ಅಜ್ಜಿಯ ಪಕ್ಕ ಕುಳಿತಳು. ನಾನು ವಿಷಯವನ್ನು ಅವಳಿಗೆ ಕನ್ನಡದಲ್ಲಿ ತಿಳಿಸಿದೆ. “ಹೇಳುವುದು ಬೇಡ ದಾದಿ. ತೋರಿಸು” ಎಂದಳು.

ಯಾಡಿ ನಕ್ಕಳು. ಆಮೇಲೆ ನಡೆದದ್ದು ಒಂದು ಆಟದಂತೆಯೇ ಇತ್ತು. ಅಜ್ಜನ ತಂದೆ ಯಾರು? “ಅವನು ಹುಟ್ಟಿದ ದಿನವೇ ಅವನ ಹೆಸರು. ನಾಳೆಯಲ್ಲ, ನಾಡಿದ್ದು ಆ ದಿನ.” ನಾಡಿದ್ದು ಶನಿವಾರ. ಮಗಳು ಶನಿಯ ಹೆಸರುಗಳನ್ನೆಲ್ಲ ಹೇಳಿ ನೋಡಿದಳು. ಕನ್ನಡದ್ದು, ಹಿಂದಿಯದು, ಇಂಗ್ಲಿಷಿನದು. ಯಾಡಿ ತಲೆಯಲ್ಲಾಡಿಸುತ್ತಲೇ ಇದ್ದಳು. ಗೋರ್ ಮಾತಿನಲ್ಲಿ ಆ ದಿನಕ್ಕೆ ‘ಥಾವರ’ ಎನ್ನುತ್ತಾರೆ. ಆ ಮಾತು ಬಾರದೆ ಆ ಬಾಗಿಲು ತೆರೆಯದು. ನಾನು ಹೇಳಿದೆ. ಯಾಡಿ ಕಣ್ಣು ಮುಚ್ಚಿ ತೆರೆದಳು. ಅವನ ತಂದೆಗೆ ಕೊರಳ ಸರದಲ್ಲಿದ್ದ ಮುತ್ತನ್ನು ಮುಟ್ಟಿ ತೋರಿಸಿದಳು. ಒಂದನ್ನು ಬಿಟ್ಟು ಅದರಾಚೆಯವನಿಗೆ ಮಾಡಿನ ಕಡೆ ಕೈಯೆತ್ತಿ ಬೆರಳುಗಳಿಂದ ಮಳೆ ಸುರಿಸಿದಳು, ಮೋಡದ ಹೆಸರು. ಎಲ್ಲರಿಗಿಂತ ಮೇಲಿನವನಿಗೆ ಕಿವಿಯ ಚಿನ್ನದ ಓಲೆ. ಮಗಳು ಒಂದೊಂದನ್ನೂ ನನ್ನ ಬಾಯಿಂದ ಕೇಳಿ, ತಾನೂ ಹೇಳಿ, ಕನ್ನಡದಲ್ಲಿ ಬರೆದುಕೊಂಡಳು. ಆ ಹೆಸರುಗಳನ್ನು ಇಲ್ಲಿ ಬರೆಯದಿರುವುದಕ್ಕೆ ಓದುಗರು ಕ್ಷಮಿಸಬೇಕು. ಯಾಡಿ ನಾಲಗೆಗೆ ತಾರದ್ದನ್ನು ಅಚ್ಚಿನಲ್ಲಿ ಹಾಕಿಸಲು ಮನಸ್ಸು ಬರಲಿಲ್ಲ.

“ನಡುವೆ ಬಿಟ್ಟದ್ದು ಯಾರದು?” ಎಂದೆ.

ಯಾಡಿ ಬಹಳ ಹೊತ್ತು ಸುಮ್ಮನಿದ್ದಳು. “ಅವನು ದಾರಿಯಲ್ಲಿ ಸತ್ತವನು. ಹೇರಿನ ಎತ್ತುಗಳ ಜೊತೆ ಹೋದವನು ಬರಲಿಲ್ಲವಂತೆ. ಆ ಹೆಸರು ಬಂದಾಗ ನಿನ್ನ ಬಾಪುವೂ ದನಿ ತಗ್ಗಿಸುತ್ತಿದ್ದ, ಕಾಕಾನೂ ತಗ್ಗಿಸುತ್ತಿದ್ದ. ನಾನು ಬಾಗಿಲ ಹಿಂದೆ ಸೆರಗಿನೊಳಗೆ ಕುಳಿತವಳು. ಒಮ್ಮೆಯೂ ಸರಿಯಾಗಿ ಕೇಳಲಿಲ್ಲ.”

ಕಾಕಾನನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ. ಅವರ ಹಿಂದೆ, ಕೈಯಳತೆಯ ದೂರದಲ್ಲಿ, ಎಷ್ಟು ವರ್ಷ ನಿಂತಿದ್ದೆ!

ಬೆಳಿಗ್ಗೆ ಸ್ನಾನ ಮಾಡಿ ಒಲೆಯ ಮುಂದೆ ಕುಳಿತೆ. ಅಕ್ಕ ಸಿಹಿ ಅನ್ನದ ತಟ್ಟೆಯನ್ನೂ ತುಪ್ಪದ ಬಟ್ಟಲನ್ನೂ ತಂದಿಟ್ಟಳು. ಯಾಡಿ ತನ್ನ ಜಾಗದಲ್ಲಿ, ಬಾಗಿಲ ಹಿಂದೆ ಕುಳಿತಳು. ಮಗಳು ಪುಸ್ತಕ ಹಿಡಿದು ನನ್ನ ಬೆನ್ನಿಗೆ ನಿಂತಳು. ಕಾಕಾನ ಹೆಸರನ್ನು ಅವರಿಗಾಗಿಯೇ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಆಮೇಲೆ ಬಾಪು, ಆಮೇಲೆ ಅಜ್ಜ. ಶನಿವಾರ ಹುಟ್ಟಿದವನು. ಮುತ್ತಿನ ಹೆಸರಿನವನು. ಪ್ರತಿ ತುತ್ತಿಗೂ ತುಪ್ಪ ಹತ್ತಿ ಉರಿ ಎದ್ದಿತು. ಕೈಯಲ್ಲಿ ನೀರು ತೆಗೆದುಕೊಂಡು ಸುತ್ತಲೂ ಬಿಟ್ಟೆ. ಆರನೆಯ ತುತ್ತನ್ನು ಹಿಡಿದು ನಿಂತೆ. ಬಾಪುವೂ ಕಾಕಾನೂ ಮಾಡಿದಂತೆ ದನಿ ತಗ್ಗಿಸಿದೆ. ತುಟಿ ಆಡಿತು, ಹೆಸರಿರಲಿಲ್ಲ. ತುತ್ತನ್ನು ಕೆಂಡದ ಮೇಲೆ ಇಟ್ಟೆ. ಸ್ವಲ್ಪ ಹೊಗೆಯಾಡಿತು, ತಡವಾಗಿ ಹತ್ತಿಕೊಂಡಿತು.

ನಾನು ಹಾಗೆಯೇ ನೋಡುತ್ತ ಕುಳಿತುಬಿಟ್ಟಿದ್ದೆನೆಂದು ಕಾಣುತ್ತದೆ. ಬಾಗಿಲ ಹಿಂದಿನಿಂದ ಯಾಡಿಯ ದನಿ ಬಂದಿತು.

“ಇನ್ನೂ ಎರಡು ಉಳಿದಿವೆ.”